ಪರದೆಯಿಲ್ಲದ ಲ್ಯಾಪ್‌ಟಾಪ್

ನಮ್ಮ ಮನೆಯಲ್ಲಿ ಗಟ್ಟಿಯಾಗಿ ಓದುವವರು ಇಬ್ಬರು. ಒಬ್ಬರು ನಮ್ಮ ಅತ್ತೆ. ಇನ್ನೊಬ್ಬಳು ಅಕ್ಕನ ಲ್ಯಾಪ್‌ಟಾಪಿನೊಳಗೆ ಕೂತು ಮಾತಾಡುವ ಹೆಂಗಸು. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ.

ಅಕ್ಕ ಎಂದರೆ ನನ್ನ ಓರಗಿತ್ತಿ, ಭಾವನವರ ಹೆಂಡತಿ. ಹುಟ್ಟಿನಿಂದ ಆಕೆಗೆ ಕಣ್ಣು ಕಾಣದು. ಆಸ್ಪತ್ರೆಯ ಡಾಕ್ಟರುಗಳು ರೋಗಿಗಳನ್ನು ನೋಡಿ ಬಾಯಲ್ಲಿ ಹೇಳಿ ಕಳಿಸಿದ್ದನ್ನು ಇಯರ್‌ಫೋನಿನಲ್ಲಿ ಕೇಳಿ, ರಿಪೋರ್ಟು ಟೈಪ್ ಮಾಡುವುದು ಅವಳ ಕೆಲಸ. ಡಾಕ್ಟರುಗಳ ಕೈಬರಹದ ಬಗ್ಗೆ ಎಲ್ಲರೂ ಆಡಿಕೊಳ್ಳುತ್ತಾರೆ. ಅವರ ಮಾತು ಕೇಳಿದರೆ ಕೈಬರಹವೇ ವಾಸಿ. ಒಬ್ಬರು ಬಾಯಿತುಂಬ ತಿಂಡಿ ಇಟ್ಟುಕೊಂಡು ಹೇಳುತ್ತಾರೆ, ಇನ್ನೊಬ್ಬರು ವಾಕ್ಯದ ನಡುವೆ ನರ್ಸಿಗೆ ಬೈಯುತ್ತಾರೆ. ಅಕ್ಕ ಬೈಗುಳ ಬಿಟ್ಟು ಮಿಕ್ಕದ್ದನ್ನು ಟೈಪ್ ಮಾಡುತ್ತಾಳೆ. ಟೈಪ್ ಮಾಡಿದ್ದನ್ನು ಆ ಲ್ಯಾಪ್‌ಟಾಪಿನ ಹೆಂಗಸು, ಅಂದರೆ ಪರದೆಯ ಅಕ್ಷರ ಓದುವ ತಂತ್ರಾಂಶದ ದನಿ, ಓದಿ ಹೇಳುತ್ತಾಳೆ, ತಪ್ಪಿದ್ದರೆ ಅಕ್ಕ ತಿದ್ದುತ್ತಾಳೆ. ಆ ಓದಿನ ವೇಗ ಎಷ್ಟೆಂದರೆ ನಮಗ್ಯಾರಿಗೂ ಒಂದಕ್ಷರ ಅರ್ಥವಾಗುವುದಿಲ್ಲ. ಹುರಿಯುವ ಬಾಣಲೆಗೆ ಸಾಸಿವೆ ಬಿದ್ದ ಹಾಗೆ ಚಟಪಟ ಅಷ್ಟೆ.

ಅತ್ತೆಯ ಓದು ಬೇರೆ ಜಾತಿಯದು. ಅವರು ಔಷಧಿ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಲೇಬಲ್ ತಪಾಸಣೆ ಮಾಡಿ ನಿವೃತ್ತರಾದವರು. ಅಲ್ಲಿ ಇಬ್ಬಿಬ್ಬರು ಎದುರುಬದುರು ಕೂರಬೇಕಂತೆ. ಒಬ್ಬಳು ಲೇಬಲಿನ ಮೇಲಿರುವುದನ್ನೆಲ್ಲ ಚುಕ್ಕೆ, ಗೆರೆ ಬಿಡದೆ ಓದಬೇಕು. ಇನ್ನೊಬ್ಬಳು ಮನಸ್ಸಿಟ್ಟು ಕೇಳಿ "ಸರಿ" ಎನ್ನಬೇಕು. "ಸರಿ" ಬಾರದೆ ಮುಂದಿನ ಸಾಲಿಗೆ ಹೋಗುವಂತಿಲ್ಲ. ಕೆಲಸ ಬಿಟ್ಟರೂ ಚಾಳಿ ಬಿಡಲಿಲ್ಲ. ನಾನು ಕೆಲಸ ಮಾಡುವ ಬೇಕರಿಯಿಂದ ಬ್ರೆಡ್ಡು ತಂದರೆ, ತೂಕ ತಾರೀಕುಗಳ ಸಮೇತ ಪಾರಾಯಣ ಮುಗಿಸಿಯೇ ಅದನ್ನು ಡಬ್ಬಿಗೆ ಹಾಕುವುದು. ಬಸ್ಸಿನಲ್ಲಿ ಕೂತರೆ ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡು. ಗಂಡುಮಕ್ಕಳಿಬ್ಬರೂ "ಅಮ್ಮಾ, ಸಾಕು ಮಾಡು" ಎಂದು ಕಿವಿ ಮುಚ್ಚಿಕೊಳ್ಳುತ್ತಿದ್ದರು.

ಅಕ್ಕ ಸೊಸೆಯಾಗಿ ಬಂದ ಹೊಸದರಲ್ಲಿ ಅತ್ತೆ ಯಾವುದೋ ಸೋಪಿನ ಪೊಟ್ಟಣ ಓದುತ್ತಿದ್ದರಂತೆ. ಅಕ್ಕ ಪಕ್ಕದಲ್ಲೇ ಕೂತು ಒಂದೊಂದು ಸಾಲಿಗೂ "ಸರಿ" ಎಂದಳಂತೆ. ಅತ್ತೆಗೆ ಆನೆಬಲ ಬಂತು. ಅಂದಿನಿಂದ ಪತ್ರಿಕೆ, ಬಿಲ್ಲು, ಮಾತ್ರೆಯ ಹಾಳೆ, ಎಲ್ಲವನ್ನೂ ಸೊಸೆಯ ಮುಂದೆ ಕೂತು ಓದಿದರು. ಆಮೇಲೆ ಲ್ಯಾಪ್‌ಟಾಪು ಬಂತು, ಅದರೊಳಗಿನ ಹೆಂಗಸು ಬಂದಳು, ಅತ್ತೆಯ ಓದಿಗೆ ಕೇಳುವವರಿಲ್ಲದಂತಾಯಿತು. ಅವರು ಅವಳಿಗಿಟ್ಟ ಹೆಸರು ಸವತಿ. "ಏನೇ, ನನ್ನ ಸವತಿ ಎದ್ದಳಾ?" ಎಂದು ಬೆಳಗ್ಗೆ ಕೇಳುವರು. "ಅವಳ ಬಾಯಿಗೆ ಬ್ರೇಕ್ ಇಲ್ವಾ? ನಿಧಾನಕ್ಕೆ ಓದಿದ್ರೆ ಅವಳ ಗಂಟೇನು ಹೋಗುತ್ತೆ?" ಎಂದು ರಾತ್ರಿಯವರೆಗೂ ಗೊಣಗುವರು.

ಒಂದು ಶುಕ್ರವಾರ ಮಧ್ಯಾಹ್ನ ಸವತಿಯ ಬಾಯಿ ಕಟ್ಟಿತು. ಲ್ಯಾಪ್‌ಟಾಪಿನಿಂದ ಸುಟ್ಟ ವಾಸನೆ ಬಂತು ಎಂದಳು ಅಕ್ಕ. ಆಫೀಸಿಗೆ ಫೋನ್ ಮಾಡಿದರೆ ಮೇಲ್ವಿಚಾರಕಿ ಕಡ್ಡಿ ಮುರಿದ ಹಾಗೆ ಹೇಳಿದಳು: ಸೋಮವಾರ ಬೆಳಗ್ಗೆ ಕೆಲಸ ಶುರುಮಾಡದಿದ್ದರೆ ನಿಮ್ಮ ಪಾಲನ್ನು ಬೇರೆಯವರಿಗೆ ಕೊಡುತ್ತೇವೆ, ಕಾಯುವವರು ಬೇಕಾದಷ್ಟಿದ್ದಾರೆ. ಅಕ್ಕನಿಗೆ ಈ ಕೆಲಸ ಸಿಗುವ ಮುಂಚೆ ಎಷ್ಟು ಕಡೆ ಅವಳ ಕೋಲು ನೋಡಿಯೇ ಬಾಗಿಲು ಹಾಕಿದ್ದರೋ. ಇದು ತಪ್ಪಿದರೆ ಇನ್ನೊಂದು ಸಿಗುತ್ತದೆಂಬ ನಂಬಿಕೆ ಅವಳಿಗಿರಲಿಲ್ಲ. ನಮ್ಮವರೂ ಭಾವನವರೂ ಸರಕಿನ ಲಾರಿಯ ಜೊತೆ ದೂರ ಹೋಗಿದ್ದರು. ಹಾಗಾಗಿ ಶನಿವಾರ ನಾನು ಬೇಕರಿಗೆ ರಜೆ ಹೇಳಿ ಅಕ್ಕನನ್ನು ಕರೆದುಕೊಂಡು ರಿಪೇರಿ ಅಂಗಡಿಗೆ ಹೋದೆ.

"ಬೋರ್ಡು ಸುಟ್ಟಿದೆ ಮೇಡಂ. ಇದಕ್ಕೆ ಸುರಿಯೋ ದುಡ್ಡಿಗೆ ಬೇರೆದೇ ಬರುತ್ತೆ" ಎಂದ ಅಂಗಡಿಯವನು.

"ಡಿಸ್ಕು, ರ‍್ಯಾಮು?" ಎಂದಳು ಅಕ್ಕ.

"ಮೇಲ್ನೋಟಕ್ಕೆ ಚೆನ್ನಾಗೇ ಇವೆ."

"ಬಿಚ್ಚಿ ಕೊಡಿ. ಇವೆರಡು ನನ್ನ ಜೊತೆ ಬರ್ತವೆ. ಇವಕ್ಕೊಂದು ಮನೆ ಹುಡುಕಿದ್ರೆ ಸಾಕು."

ಆಫೀಸಿನವರ ತಂತ್ರಾಂಶ ಇದ್ದದ್ದು ಆ ಡಿಸ್ಕಿನಲ್ಲಿ. ಹೊಸದಾಗಿ ಹಾಕಿಸಬೇಕಾದರೆ ಅವರ ಅನುಮತಿಗೆ ವಾರಗಟ್ಟಲೆ ಕಾಯಬೇಕು. ಎರಡಕ್ಷರ ಒತ್ತಿದರೆ ಒಂದು ಪೂರ್ತಿ ವಾಕ್ಯ ಬೀಳುವಂತೆ ಅಕ್ಕ ವರ್ಷಗಳಿಂದ ಜೋಡಿಸಿಕೊಂಡಿದ್ದ ಸಂಕ್ಷೇಪಗಳೂ ಅದರಲ್ಲೇ ಇದ್ದವು. ಡಿಸ್ಕನ್ನು ಕರವಸ್ತ್ರದಲ್ಲಿ ಸುತ್ತಿ ಚೀಲದೊಳಗಿಟ್ಟುಕೊಂಡ ಮೇಲೆ ಅವಳು ಆ ಚೀಲವನ್ನು ಯಾರ ಕೈಗೂ ಕೊಡಲಿಲ್ಲ.

ಅಂಗಡಿಯವನು ಕೆಟ್ಟವನಲ್ಲ. ಆದರೆ ಅಕ್ಕ ಕೇಳಿದ್ದಕ್ಕೆಲ್ಲ ನನ್ನ ಮುಖ ನೋಡಿ ಉತ್ತರ ಹೇಳುತ್ತಿದ್ದ. "ಇದು ಫುಲ್ ಎಚ್‌ಡಿ ಮೇಡಂ, ಬಣ್ಣ ಎದ್ದು ಕಾಣುತ್ತೆ. ಅವರಿಗೆ ದೊಡ್ಡ ಪರದೆ ಬೇಕಂತಾ, ಚಿಕ್ಕದಂತಾ?"

"ಅವರನ್ನೇ ಕೇಳಿ. ಇಲ್ಲೇ ನಿಂತಿದಾರೆ" ಎಂದೆ. ನನಗೆ ಬೇಗ ಸಿಟ್ಟು ಬರುತ್ತದೆ.

ಅಕ್ಕ ನಕ್ಕಳು. "ಅಣ್ಣ, ನಾನು ಗೇಮ್ ಆಡಲ್ಲ, ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಡ. ಪ್ರೊಸೆಸರ್ ನಾಲ್ಕೈದು ವರ್ಷ ಹಳೇದಿದ್ರೂ ನಡೆಯುತ್ತೆ. ನನ್ನ ರ‍್ಯಾಮ್ ಹಾಕೋಕೆ ಒಂದು ಖಾಲಿ ಜಾಗ, ನನ್ನ ಡಿಸ್ಕ್ ಕೂರೋ ಗೂಡು, ಗಟ್ಟಿ ಕೀಬೋರ್ಡು, ಇಯರ್‌ಫೋನ್ ತೂತು. ಇಷ್ಟಿದ್ರೆ ಸಾಕು."

ಅವನು ತೋರಿಸಿದ್ದರಲ್ಲಿ ಒಂದಕ್ಕೆ ಡಿಸ್ಕಿನ ಗೂಡೇ ಇಲ್ಲ, ಇನ್ನೊಂದರ ಕೀಬೋರ್ಡು ಜೊಳ್ಳು. ಎಲ್ಲ ಸರಿಯಿದ್ದದ್ದು ನಮ್ಮ ಕೈಗೆಟುಕುವಂತಿರಲಿಲ್ಲ. ಅಕ್ಕ, "ಪರದೆ ಒಡೆದು ಹೋಗಿರೋದು ಯಾವುದಾದ್ರೂ ಇದ್ಯಾ?" ಎಂದಳು.

ಆಗ ಅಂಗಡಿಯವನ ಮುಖ ನೋಡಬೇಕಿತ್ತು. ಅಕ್ಕನಿಗೆ ಆ ಭಾಗ್ಯ ಇಲ್ಲವಲ್ಲ, ಅವಳ ಪಾಲಿನದನ್ನೂ ನಾನೇ ನೋಡಿದೆ. ಅವನು ಅಟ್ಟ ಹತ್ತಿ ಒಂದನ್ನು ಇಳಿಸಿಕೊಂಡು ಬಂದ. ಯಾರೋ ಪುಣ್ಯಾತ್ಮರು ಅದರ ಮೇಲೆ ಕೂತುಬಿಟ್ಟಿದ್ದರಂತೆ. ಪರದೆ ಚೂರುಚೂರು, ಮಿಕ್ಕದ್ದೆಲ್ಲ ಗಟ್ಟಿಮುಟ್ಟು. ಹೊಸ ಪರದೆ ಹಾಕಿದರೆ ಅಸಲು ಹುಟ್ಟುವುದಿಲ್ಲವೆಂದು ಧೂಳು ತಿನ್ನಲು ಬಿಟ್ಟಿದ್ದನಂತೆ. ಅವನದೇ ಡಿಸ್ಕು ಹಾಕಿ ಚಾಲೂ ಮಾಡಿದಾಗ ಧ್ವನಿ ಬಂತು. ಅಕ್ಕ ಒಂದೊಂದೇ ಕೀಲಿ ಒತ್ತಿ ನೋಡಿದಳು. ಗಾಜು ಬೆರಳಿಗೆ ಚುಚ್ಚಬಾರದೆಂದು ಒಡೆದ ಪರದೆಯನ್ನು ಬಿಚ್ಚಿ ತೆಗೆಸಿದಳು. ನಮ್ಮಿಂದಾಗುವ ಬೆಲೆಗೆ ಕೊಟ್ಟ. "ಪರದೆ ಇಲ್ಲ ಅಂದ್ಮೇಲೆ ಬ್ಯಾಟರಿನೂ ಜಾಸ್ತಿ ಹೊತ್ತು ಬರುತ್ತೆ ನೋಡಿ" ಎಂದು ಈ ಸಲ ಅಕ್ಕನ ಕಡೆ ತಿರುಗಿಯೇ ಹೇಳಿದ. ಡಿಸ್ಕು, ರ‍್ಯಾಮು ತಾನೇ ಕೂರಿಸಿ ಕೊಡುತ್ತೇನೆಂದರೆ ಅಕ್ಕ ಒಪ್ಪಲಿಲ್ಲ. "ನನ್ನ ಡಿಸ್ಕ್ ನಾನೇ ಹಾಕ್ಕೋತೀನಿ." ಆ ಹಟವೇ ನಮಗೆ ಮುಳುವಾಯಿತು.

ಅತ್ತೆ ಬಾಗಿಲಲ್ಲೇ ತಡೆದರು. "ಇದೇನೇ ಇದು, ಕನ್ನಡಿ ಕಿತ್ತ ಬೀರು ಇದ್ದ ಹಾಗಿದೆ. ಪರದೆ ಎಲ್ಲಿ?"

"ನನಗ್ಯಾಕತ್ತೆ ಪರದೆ?"

"ನಿನಗೆ ಬೇಡ, ಸರಿ. ನೋಡಿದವರು ಏನಂತಾರೆ?"

"ನೋಡೋರು ಅವರವರ ಲ್ಯಾಪ್‌ಟಾಪ್ ನೋಡ್ಕೊಳ್ಳಲಿ ಬಿಡಿ."

ಊಟದ ಮೇಜಿನ ಮೇಲೆ ಅಕ್ಕ ಅದನ್ನು ಬೋರಲು ಮಲಗಿಸಿ, ಸ್ಕ್ರೂಗಳನ್ನು ಬಿಚ್ಚಿ ಬಟ್ಟಲಿಗೆ ಹಾಕಿಕೊಂಡಳು. ರ‍್ಯಾಮು ಟಕ್ಕೆಂದು ಕೂತಿತು. ಡಿಸ್ಕು ಗೂಡಿನೊಳಗೆ ಜಾರಿತು. ಮುಚ್ಚಿ, ತಿರುಗಿಸಿ, ಗುಂಡಿ ಒತ್ತಿದಳು. ಫ್ಯಾನು ಗುಂಯ್ ಎಂದಿತು. ನಾವು ಕಾದೆವು. ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಬರಲಿಲ್ಲ. ಮತ್ತೆ ಒತ್ತಿದಳು. ಬಿಚ್ಚಿ ಮತ್ತೆ ಕೂರಿಸಿ ಒತ್ತಿದಳು. ಅಂಗಡಿಯವನು ನಾವು ಬರುವಾಗಲೇ ಬಾಗಿಲು ಹಾಕಿ ಮಾವನ ಮನೆಗೆ ಹೊರಟಿದ್ದ, ಸೋಮವಾರ ಮಧ್ಯಾಹ್ನಕ್ಕೆ ಬರುವವನು. ಫೋನು ಹತ್ತಲಿಲ್ಲ.

ಭಾನುವಾರ ಬೆಳಗ್ಗೆ ನಾನು ಎದ್ದಾಗಲೂ ಅಕ್ಕ ಅದೇ ಮೇಜಿನ ಮುಂದೆ ಕೂತಿದ್ದಳು. "ಡಿಸ್ಕೇ ಹೋಗಿರಬೇಕು ಕಣೇ. ಬೋರ್ಡ್ ಸುಡುವಾಗ ಅದನ್ನೂ ತಗೊಂಡು ಹೋಗಿದೆ" ಎಂದಳು. ಆಮೇಲೆ, "ಇಲ್ಲಾ, ಇದು ನನ್ನನ್ನ ಏನೋ ಕೇಳ್ತಿರಬೇಕು. ನನ್ನವಳು ಎದ್ದ ಮೇಲೆ ತಾನೇ ಓದಿ ಹೇಳೋದು? ಅವಳು ಏಳೋಕೆ ಮುಂಚೆ ಇದು ಏನು ಕೇಳಿದ್ರೂ ಪರದೆ ಮೇಲೆ ಮಾತ್ರ ಕೇಳುತ್ತೆ. ಅದು ನನಗೆ ಹೊಳೀಲೇ ಇಲ್ಲ ನೋಡು. ಪರದೆ ಬೇಡ ಅಂತ ಜಂಬ ಕೊಚ್ಚಿಕೊಂಡೆ" ಎಂದಳು. ಅವಳು ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

ನಡುಮನೆಯಲ್ಲಿ ಅತ್ತೆ ಟಿ.ವಿ. ನೋಡುತ್ತಿದ್ದರು. ವಾರವೆಲ್ಲ ಎಳೆದಾಡಿದ ಧಾರಾವಾಹಿಯನ್ನು ಒಟ್ಟಿಗೆ ಹಾಕುವ ಹೊತ್ತದು, ಆಗ ಅವರನ್ನು ಮಾತಾಡಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ. ಆದರೆ ಅಷ್ಟು ದೊಡ್ಡ ಪರದೆ ಕಣ್ಣೆದುರಿಗೇ ಇತ್ತು. "ಅಕ್ಕ, ಟಿ.ವಿ.ಗೆ ಸಿಗಿಸಿದ್ರೆ?" ಎಂದೆ. ಅಕ್ಕ ತಲೆಯೆತ್ತಿದಳು. ಅತ್ತೆಗೆ ಕೇಳಿಸಿತೋ ಏನೋ, ರಿಮೋಟನ್ನು ತಂದು ಮೇಜಿನ ಮೇಲಿಟ್ಟರು. ಧಾರಾವಾಹಿಯಲ್ಲಿ ಯಾರೋ ಬಾಗಿಲು ತಟ್ಟುತ್ತಿದ್ದರು, ಅದು ಯಾರೆಂದು ಅವರು ತಿರುಗಿಯೂ ನೋಡಲಿಲ್ಲ.

ಲ್ಯಾಪ್‌ಟಾಪನ್ನೂ ರಿಮೋಟನ್ನೂ ನಡುಮನೆಗೆ ಒಯ್ದು, ಸೆಟ್‌ಟಾಪ್ ಪೆಟ್ಟಿಗೆಯ ವೈರನ್ನು ಕಿತ್ತು ಲ್ಯಾಪ್‌ಟಾಪಿಗೆ ಸಿಗಿಸಿದೆ. ಅಕ್ಕ ಚಾಲೂ ಮಾಡಿ ಮೇಲಿನ ಸಾಲಿನ ಒಂದು ಕೀಲಿಯನ್ನು ಬಿಡದೆ ಕುಟ್ಟಿದಳು. ಟಿ.ವಿ.ಯಲ್ಲಿ ಯಂತ್ರದ ಒಳಗಿನ ಸೆಟ್ಟಿಂಗುಗಳ ನೀಲಿ ಪುಟ ತೆರೆಯಿತು, ತುಂಬ ಇಂಗ್ಲಿಷ್ ಅಕ್ಷರ.

"ಏನಿದೆ?"

"ಏನೋ ತಾರೀಕು, ಟೈಮು, ನಂಬರುಗಳು. ಕೆಲಸಕ್ಕೆ ಬರೋದೇನೂ ಕಾಣಲ್ಲ."

"ನಿನಗೆ ಬೇಕನ್ಸಿದ್ದನ್ನಲ್ಲ, ಇರೋದನ್ನ ಓದೇ."

"ಓದ್ತಾನೇ ಇದೀನಲ್ಲ" ಎಂದು ರೇಗಿದೆ. ಮೇಲಿಂದೆರಡು, ಕೆಳಗಿಂದೆರಡು ಸಾಲು ಓದಿದೆ. ನನಗೆ ಮೊದಲಿಂದಲೂ ಓದು ಅಷ್ಟಕ್ಕಷ್ಟೆ.

"ಅತ್ಲಾಗೆ ಸರಿ" ಎಂದರು ಅತ್ತೆ. ಕನ್ನಡಕವನ್ನು ಸೆರಗಿನಲ್ಲಿ ಒರೆಸಿಕೊಂಡು, ಕುರ್ಚಿ ಎಳೆದು ಟಿ.ವಿ.ಯ ಮುಂದೆ ಕೂತರು. ಕಾರ್ಖಾನೆಯಲ್ಲಿ ಅವರ ಧ್ವನಿ ಹೇಗಿತ್ತೆಂದು ನನಗೆ ಆ ದಿನ ಗೊತ್ತಾಯಿತು. ಏರಿಳಿತವಿಲ್ಲ, ಅವಸರವಿಲ್ಲ. "ಮೊದಲನೇ ಸಾಲು. ಸಿಸ್ಟಮ್ ಡೇಟ್, ಎರಡು ಚುಕ್ಕೆ. ತಾರೀಕು ತಪ್ಪಿದೆ, ಮೂರು ವರ್ಷ ಹಿಂದಿನದು ಹಾಕಿದೆ."

"ಸರಿ" ಎಂದಳು ಅಕ್ಕ.

"ಮೆಮೊರಿ, ಎರಡು ಚುಕ್ಕೆ. ಹನ್ನೆರಡು. ಜಿ, ಬಿ."

"ಸರಿ. ಅತ್ತೆ, ಅದರದ್ದು ನಾಲ್ಕು, ನಮ್ಮದು ಎಂಟು. ರ‍್ಯಾಮ್ ಒಪ್ಕೊಂಡಿದೆ." ಅಕ್ಕನ ಧ್ವನಿಗೆ ಸ್ವಲ್ಪ ಜೀವ ಬಂತು.

"ಮಧ್ಯ ಮಾತಾಡಬೇಡ, ಸಾಲು ತಪ್ಪುತ್ತೆ. ಹಾರ್ಡ್ ಡಿಸ್ಕ್, ಎರಡು ಚುಕ್ಕೆ." ಮುಂದಿದ್ದ ಉದ್ದದ ಹೆಸರನ್ನು ಅವರು ಅಕ್ಷರ ಅಕ್ಷರವಾಗಿ, ನಂಬರು ನಂಬರಾಗಿ ಓದಿದರು. ಅದು ನಮ್ಮ ಡಿಸ್ಕಿನ ಹೆಸರು. ಅಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಸರಿ ಅನ್ನು" ಎಂದರು ಅತ್ತೆ.

"ಸರಿ ಅತ್ತೆ. ಡಿಸ್ಕ್ ಬದುಕಿದೆ."

ಆ ಪುಟ ಮುಗಿಯಿತು, ಮುಂದಿನದು, ಅದರ ಮುಂದಿನದು. ನಾನಾಗಿದ್ದರೆ ಇಷ್ಟರಲ್ಲಿ ಎದ್ದು ಹೋಗಿರುತ್ತಿದ್ದೆ. ನಾಲ್ಕನೇ ಪುಟದ ನಡುವೆ ಅತ್ತೆ, "ಬೂಟ್ ಮೋಡ್, ಎರಡು ಚುಕ್ಕೆ. ಯು, ಇ, ಎಫ್, ಐ" ಎಂದರು. ಅಕ್ಕ "ಸರಿ" ಎನ್ನಲಿಲ್ಲ.

"ಅಲ್ಲೇ ನಿಲ್ಸಿ. ತಪ್ಪಿರೋದು ಅದೇ. ನಮ್ಮ ಡಿಸ್ಕ್ ಹಳೇ ಪದ್ಧತೀದು, ಇದು ಹೊಸ ಪದ್ಧತೀಲಿ ಹುಡುಕ್ತಿದೆ. ಎದುರಿಗಿದ್ರೂ ಅದಕ್ಕೆ ಗುರುತು ಸಿಗ್ತಿಲ್ಲ. ಅತ್ತೆ, ಈಗ ಬಣ್ಣದ ಪಟ್ಟಿ ಯಾವ ಸಾಲಿನ ಮೇಲಿದೆ?"

"ಅದಕ್ಕಿಂತ ಎರಡು ಸಾಲು ಮೇಲಿದೆ. ಇಳಿ. ಇನ್ನೊಂದು ಇಳಿ. ಹಾಂ, ಅಲ್ಲೇ ನಿಲ್ಲು." ಅಕ್ಕ ಒತ್ತಿದಳು. "ಚಿಕ್ಕ ಚೌಕ ಬಂತು. ಒಳಗೆ ಎರಡು ಹೆಸರು. ಒಂದು ಆಗ ಓದಿದ್ದೇ. ಕೆಳಗಿನದು ಎಲ್, ಇ, ಜಿ, ಎ, ಸಿ, ವೈ."

"ಲೆಗಸಿ. ಅದೇ ಬೇಕಿರೋದು."

ಉಳಿಸಬೇಕೇ ಎಂದು ಅದು ಕೇಳಿತು, ಅತ್ತೆ ಓದಿದರು, ಅಕ್ಕ ಹೂಂ ಎಂದು ಒತ್ತಿದಳು. ಟಿ.ವಿ. ಕಪ್ಪಾಯಿತು. ಫ್ಯಾನು ಒಮ್ಮೆ ನಿಂತು ಮತ್ತೆ ತಿರುಗಿತು. ಅತ್ತೆ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ನೋಡುವುದಕ್ಕೆ ಏನೂ ಉಳಿದಿರಲಿಲ್ಲ, ಇನ್ನೇನಿದ್ದರೂ ಕಿವಿಯದೇ ಕೆಲಸ.

ಆಮೇಲೆ ಬಂತು ಆ ಚಟಪಟ.

ಅಕ್ಕನ ಭುಜ ಇಳಿಯಿತು. ಶುಕ್ರವಾರದಿಂದ ಹಿಡಿದಿಟ್ಟುಕೊಂಡ ಉಸಿರನ್ನು ಆಗ ಬಿಟ್ಟಳೆಂದು ಕಾಣುತ್ತದೆ. "ಬಂದಳು ಕಣೇ, ನನ್ನ ಸವತಿ ಬಂದಳು" ಎಂದರು ಅತ್ತೆ. ಅವರ ಕಣ್ಣಲ್ಲಿ ನೀರಿತ್ತು, ಅದನ್ನು ಅಡಗಿಸಲು ಕನ್ನಡಕವನ್ನು ಮತ್ತೆ ಒರೆಸತೊಡಗಿದರು.

ಅಕ್ಕ ಆಫೀಸಿನ ತಂತ್ರಾಂಶ ತೆರೆದಳು, ಎರಡಕ್ಷರ ಒತ್ತಿ ಪೂರ್ತಿ ವಾಕ್ಯ ಬೀಳಿಸಿದಳು. ಎಲ್ಲ ಇದ್ದಲ್ಲೇ ಇತ್ತು. ಆಮೇಲೆ ಇನ್ನೇನೋ ಒತ್ತಿದಳು. ಧ್ವನಿ ಇದ್ದಕ್ಕಿದ್ದಂತೆ ನಿಧಾನವಾಯಿತು, ಬಿಡಿಬಿಡಿಯಾಗಿ, ನನಗೂ ತಿಳಿಯುವ ಹಾಗೆ ಓದತೊಡಗಿತು. ಇಷ್ಟು ವರ್ಷಗಳಲ್ಲಿ ಆ ಹೆಂಗಸು ಹಾಗೆ ಮಾತಾಡಿದ್ದನ್ನು ನಾವು ಕೇಳಿಯೇ ಇರಲಿಲ್ಲ.

"ಅತ್ತೆ, ನಿಮ್ಮ ಸ್ಪೀಡಿಗೆ ಇಟ್ಟಿದೀನಿ. ಇನ್ನು ಮೇಲೆ ಹೀಗೇ ಇರಲಿ."

ಅತ್ತೆ ತಲೆ ಓರೆ ಮಾಡಿ ಎರಡು ಸಾಲು ಕೇಳಿದರು. ತಮಗೇ ತಿಳಿಯದ ಹಾಗೆ ಎರಡಕ್ಕೂ "ಸರಿ" ಎಂದರು. ಮೂರನೆಯದಕ್ಕೆ ಎದ್ದು ನಿಂತರು.

"ಇಷ್ಟು ನಿಧಾನಕ್ಕೆ ಓದ್ತಾ ಕೂತ್ರೆ ನಾಳೆ ನಿನ್ನ ಕೆಲಸ ಮುಗಿಯುತ್ತಾ? ಅವಳಷ್ಟಕ್ಕೆ ಅವಳನ್ನ ಬಿಡು, ಓಡಲಿ" ಎಂದು ರಿಮೋಟು ತೆಗೆದುಕೊಂಡು, ವೈರನ್ನು ಮತ್ತೆ ಪೆಟ್ಟಿಗೆಗೆ ಸಿಗಿಸುವಂತೆ ನನಗೆ ಸನ್ನೆ ಮಾಡಿದರು.