ಮಾವನವರ ಭೀಮವ್ವ

ನಮ್ಮ ಮಾವನವರಿಗಿಂತ ಅವರ ಬಂದೂಕು ನಾಲ್ಕು ಬೆರಳು ಎತ್ತರವಿತ್ತು. ನಾನು ಕುಕನೂರಿಗೆ ಸೊಸೆಯಾಗಿ ಬಂದ ದಿನ ಹೊಸ್ತಿಲು ದಾಟಿ ತಲೆಯೆತ್ತಿದರೆ ಎದುರಿಗೆ ಇಬ್ಬರು ನಿಂತಿದ್ದರು. ಒಬ್ಬರು ಮಾವ ದ್ಯಾಮನಗೌಡರು. ಅವರ ಪಕ್ಕದಲ್ಲಿ, ನಳಿಗೆಗೆ ಕುಂಕುಮ ಹಚ್ಚಿಸಿಕೊಂಡು ಗೋಡೆಗೊರಗಿದ್ದ ಬತ್ತಿಯ ಬಂದೂಕು. "ಇಕಿ ಭೀಮವ್ವ. ನಿನಗಿಂತ ಮೊದಲ ಈ ಮನಿಗೆ ಬಂದಾಕಿ. ಕಾಲು ಮುಟ್ಟು" ಅಂದರು. ಬಂದೂಕಿಗೆ ಕಾಲು ಯಾವುದೆಂದು ತಿಳಿಯದೆ ನಾನು ಹಿಡಿಕೆಯ ಬುಡ ಮುಟ್ಟಿ ನಮಸ್ಕರಿಸಿದೆ. ಅಷ್ಟಕ್ಕೇ ಅವರಿಗೆ ನನ್ನ ಮೇಲೆ ಅಕ್ಕರೆ ಹುಟ್ಟಿತು. ಹುಡುಗಿಗೆ ತಿಳಿವಳಿಕಿ ಐತಿ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು.

ಮಾವನವರ ಹತ್ತಿರ ಬಂದೂಕು ಒಟ್ಟು ನಾಲ್ಕಿದ್ದವು. ಒಂದಕ್ಕೆ ಹಿಡಿಕೆ ಇರಲಿಲ್ಲ, ಒಂದಕ್ಕೆ ಬೆರಳಿಂದ ಒತ್ತುವ ಕುದುರೆ ಇರಲಿಲ್ಲ, ಇನ್ನೊಂದರ ನಳಿಗೆ ಸೊಟ್ಟಗಾಗಿತ್ತು. ಕೈಕಾಲು ನೆಟ್ಟಗಿದ್ದವಳು ಭೀಮವ್ವ ಒಬ್ಬಳೇ. ಆದರೆ ಅವಳು ಹಾರಿದ್ದನ್ನು ಕಂಡವರು ಊರಲ್ಲಿ ಯಾರೂ ಇರಲಿಲ್ಲ. ಕೇಳಿದರೆ ಮಾವ, "ಹಾರಸೂದು ಏನ್ ದೊಡ್ಡ ಮಾತು? ಹಾರಾಕಿ ಅನ್ನೂ ಧೈರ್ಯ ಇದ್ರ ಸಾಕು" ಅನ್ನುತ್ತಿದ್ದರು. ಸೊಂಟದಲ್ಲಿ ಮಾತ್ರ ಮದ್ದು ತುಂಬಿದ ಕೋಡು ಯಾವಾಗಲೂ ನೇತಾಡುತ್ತಿತ್ತು. ಊಟಕ್ಕೆ ಕೂತಾಗಲೂ ಬಿಚ್ಚುತ್ತಿರಲಿಲ್ಲ. ಒಲೆಯ ಹತ್ತಿರ ಬಂದರೆ ಅತ್ತೆ ಸೌಟು ತೋರಿಸಿ ಅಟ್ಟುತ್ತಿದ್ದರು.

ಅಮಾವಾಸ್ಯೆಗೆ ಎತ್ತುಗಳಿಗೆ ಬಿಡುವು, ಮಾವನವರಿಗೆ ಹಬ್ಬ. ಅವತ್ತು ಮಧ್ಯಾಹ್ನ ಪಡಸಾಲೆಯಲ್ಲಿ ಜಮಖಾನ ಬೀಳುತ್ತಿತ್ತು. ಪಾತ್ರೆಗೆ ಕಲಾಯಿ ಹಾಕುವ ನಮ್ಮೂರ ಹುಸೇನಸಾಬರು ತಮ್ಮ ಎರಡು ಪಿಸ್ತೂಲುಗಳನ್ನು ಟವಲಿನಲ್ಲಿ ಸುತ್ತಿಕೊಂಡು ಬರುತ್ತಿದ್ದರು. ಯಲಬುರ್ಗಾದ ಕಾಳಿನ ವ್ಯಾಪಾರಿ ಈರಪ್ಪಶೆಟ್ಟರು ತಟ್ಟು ಕುದುರೆಯ ಮೇಲೆ ಬರುತ್ತಿದ್ದರು. ಅವರ ಬಂದೂಕಿಗೆ ಕೌದಿ, ಅವರಿಗೆ ಬರೀ ಶಲ್ಯ. ಮೂವರೂ ತಂತಮ್ಮ ಸಾಮಾನು ಬಿಚ್ಚಿ ಹರವಿ, ಎಣ್ಣೆ ಸವರಿ, ಒಬ್ಬರದನ್ನು ಒಬ್ಬರು ಎತ್ತಿ ತೂಗಿ ನೋಡಿ, ಒಂದೊಂದರ ಹುಟ್ಟು ಬೆಳವಣಿಗೆಯ ಕಥೆ ಶುರುಮಾಡುತ್ತಿದ್ದರು. ಕೈಯಲ್ಲಿ ಚಹಾದ ಬಸಿ ಇರುವ ತನಕ ಹೇಳುವವನ ಮಾತಿಗೆ ಯಾರೂ ಅಡ್ಡ ಬರುವಂತಿಲ್ಲ ಎಂಬುದು ಆ ಕೂಟದ ಕಟ್ಟಳೆ. ಮಾವ ಕೊನೆಯ ಗುಟುಕನ್ನು ಬಸಿಯಲ್ಲೇ ಉಳಿಸಿಕೊಂಡು ತಾಸುಗಟ್ಟಲೆ ಹೇಳುತ್ತಿದ್ದರು. ಭೀಮವ್ವ ಒಂದು ಏಟಿಗೆ ಎರಡು ಕಾಡುಹಂದಿ ಕೆಡವಿದ್ದು, ಆ ಸದ್ದಿಗೆ ಕುಷ್ಟಗಿಯಲ್ಲಿ ಮಲಗಿದ್ದ ಕೂಸು ಎದ್ದು ಅತ್ತಿದ್ದು. ಶೆಟ್ಟರು ಸಿಟ್ಟು ನುಂಗಿಕೊಂಡು ಬಸಿಯನ್ನೇ ದಿಟ್ಟಿಸುತ್ತಿದ್ದರು. ಚಹಾಕ್ಕೆ ಬೆಲ್ಲ ಕುಟ್ಟುತ್ತ ಒಳಗೆ ನಾನು ಸೆರಗು ಕಚ್ಚಿ ನಗುತ್ತಿದ್ದೆ.

ಆಮೇಲೆ ಸೀಮೆಯಲ್ಲೆಲ್ಲ ಗಡಿಬಿಡಿ ಎದ್ದ ವರ್ಷ ಬಂತು. ಹಾರುವ ಬಂದೂಕುಗಳನ್ನೆಲ್ಲ ಠಾಣೆಗೆ ಜಮಾ ಮಾಡಬೇಕು, ಕೆಟ್ಟುಹೋದವನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು ಎಂದು ಡಂಗುರ ಹೊಡೆಸಿದರು. ಸುತ್ತಲಿನ ಊರವರ ಬಂದೂಕುಗಳ ಪರೀಕ್ಷೆಗೆ ಠಾಣೆಯ ಅಧಿಕಾರಿ ಅಮೀನ ಸಾಹೇಬರು ನಮ್ಮೂರ ಚಾವಡಿಗೆ ಬರುವವರಿದ್ದರು. ಆ ಅಮಾವಾಸ್ಯೆಯ ಕೂಟವನ್ನು ನಾನು ಸಾಯುವ ತನಕ ಮರೆಯಲಾರೆ. ಇಷ್ಟು ವರ್ಷ ಹೊಗಳಿದ ಬಾಯಿಂದ ಬಯ್ಯುವುದನ್ನು ಕಲಿಯಲು ಮೂವರೂ ಕೂತಿದ್ದರು.

ಅಮೀನರು ಎದುರಿಗೇ ಕೂತಿದ್ದಾರೆಂಬಂತೆ ಹುಸೇನಸಾಬರು ಮೊದಲು ಒಪ್ಪಿಸಿದರು. "ಇದು ಪಿಸ್ತೂಲ ಅಲ್ರಿ ಸಾಹೇಬ್ರ, ನಮ್ಮಾಕಿ ಇದರಿಂದ ಒಲಿ ಊದ್ತಾಳ್ರಿ."

"ನಂದು ತಕ್ಕಡಿ ದಾಂಡಿ ಮಾಡೂಣಂತ ಇಟ್ಟೀನ್ರಿ" ಅಂದರು ಶೆಟ್ಟರು. ಅಂದವರೇ ಯಾರಿಗೂ ಕಾಣದಂತೆ ಬಂದೂಕಿನ ಬೆನ್ನು ಸವರಿದರು.

ಮಾವನವರ ಸರದಿ ಬಂತು. ಅವರು ಭೀಮವ್ವನ ಕಡೆ ತಿರುಗಿದರು.

"ಒಂದs ಮಾತು ಗೌಡ್ರ. ಕೆಟ್ಟೈತಿ ಅನ್ರಿ, ಮುಗೀತು" ಅಂದರು ಹುಸೇನಸಾಬರು.

"ಆಕಿ ಮುಂದ ಹೆಂಗ ಅನ್ನೂದೋ ಹುಸೇನ?"

ಭೀಮವ್ವನನ್ನು ಒಳಗಿನ ಕೋಣೆಯಲ್ಲಿಟ್ಟು ಬಂದು ಮತ್ತೆ ಶುರುಮಾಡಿದರು. ಸಂಜೆಯ ತನಕ ತಿದ್ದಿ ತೀಡಿದ ಮೇಲೆ ಮಾವನವರ ಬಾಯಿಂದ ಹೊರಟದ್ದು ಇಷ್ಟೇ: "ಈಗೀಗ ಸ್ವಲ್ಪ ಆರಾಮಿಲ್ರಿ."

ಚಾವಡಿ ನಮ್ಮ ಮನೆಯ ಎದುರಿಗೇ ಇತ್ತು. ಪರೀಕ್ಷೆಯ ದಿನ ನಾನು ಮೆಣಸಿನಕಾಯಿ ಒಣಹಾಕುವ ನೆಪ ಮಾಡಿ ಮಾಳಿಗೆ ಹತ್ತಿದೆ. ಹುಸೇನಸಾಬರು ಪಾರಾದರು, ಶೆಟ್ಟರೂ ಪಾರಾದರು. ಮಾವನವರ ಮೂರು ಮುರುಕುಗಳನ್ನು ಅಮೀನರು ಮುಟ್ಟಲೂ ಇಲ್ಲ. ಭೀಮವ್ವನನ್ನು ಎತ್ತಿ ನಳಿಗೆಯಲ್ಲಿ ಒಂದು ಕಣ್ಣಿಟ್ಟು ನೋಡಿ ನಕ್ಕರು.

"ಯೇ ಕ್ಯಾ ಗೌಡ? ಇದೇನ್ ಹಾರ್ತೈತಿ? ಬೇಕಾರ್. ಮನಿಗೆ ಒಯ್ಯಿ, ಎಮ್ಮಿ ಕಟ್ಟಾಕ ಗೂಟ ಮಾಡು."

ಗೆದ್ದಾಗಿತ್ತು. ಮಾವ ಬಂದೂಕನ್ನು ಹೆಗಲಿಗೇರಿಸಿ ಮೂರು ಮೆಟ್ಟಿಲು ಇಳಿದರು. ಹುಸೇನಸಾಬರು ದೂರದಿಂದ, ಬರ್ರಿ ಬರ್ರಿ ಎಂದು ಕೈಬೀಸುತ್ತಿದ್ದರು. ನಾಲ್ಕನೆಯ ಮೆಟ್ಟಿಲಿಗೆ ಮಾವ ನಿಂತುಬಿಟ್ಟರು. ಅವರ ಕಿವಿ ಕೆಂಪಾದದ್ದು ಮಾಳಿಗೆಯ ಮೇಲಿದ್ದ ನನಗೂ ಕಂಡಿತು. ತಿರುಗಿ ಮೇಲೆ ಹತ್ತಿದರು.

"ಗೂಟ ಅಂದ್ರಿ? ಬೇಕಾರ್ ಅಂದ್ರೂ ಸುಮ್ಮನಿದ್ದೆ. ಗೂಟ ಅನ್ನಬಾರದಿತ್ರಿ ಸಾಹೇಬ್ರ."

ಹುಸೇನಸಾಬರು ಓಡಿ ಬರುವಷ್ಟರಲ್ಲಿ ಕೋಡಿನ ಮದ್ದು ನಳಿಗೆಗೆ ಇಳಿದಿತ್ತು. ಅದರ ಮೇಲೆ ತಲೆಯ ರುಮಾಲಿನಿಂದ ಹರಿದ ಚಿಂದಿ, ಅದರ ಮೇಲೆ ಮದ್ದು ಜಡಿಯುವ ಕಬ್ಬಿಣದ ಗಜದಿಂದ ನಾಲ್ಕು ಏಟು. ಮದ್ದು ಎಷ್ಟು ಹಾಕಬೇಕೆಂಬುದು ಮಾವನವರಿಗೂ ಗೊತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ಕೋಡು ಪೂರ್ತಿ ಬರಿದು ಮಾಡಿದ್ದರು. ಅಮೀನರ ಜೊತೆ ಬಂದಿದ್ದ ಗುಮಾಸ್ತನ ಬಾಯಿಯ ಬೀಡಿ ಕಿತ್ತುಕೊಂಡು ಬತ್ತಿಗೆ ತಾಗಿಸಿ, ಭೀಮವ್ವನ ಮೂತಿಯನ್ನು ಆಕಾಶಕ್ಕೆ ಮಾಡಿದರು.

ಆ ಸದ್ದನ್ನು ನಾನು ಬರೆಯಲಾರೆ. ಚಾವಡಿಯ ಮಣ್ಣಿನ ಚಾವಣಿಯಿಂದ ಒಂದು ಬುಟ್ಟಿ ಮಣ್ಣು ಅಮೀನರ ತಲೆಯ ಮೇಲೆ ಬಿತ್ತು. ಪಾರಿವಾಳಗಳೆಲ್ಲ ಎದ್ದವು. ಶೆಟ್ಟರ ತಟ್ಟು ಗೂಟ ಕಿತ್ತುಕೊಂಡು ಓಡಿ, ಶೆಟ್ಟರಿಗಿಂತ ಒಂದು ದಿನ ಮೊದಲೇ ಯಲಬುರ್ಗಾ ಸೇರಿತು. ನನ್ನ ಮೆಣಸಿನಕಾಯಿಯೆಲ್ಲ ಅಂಗಳಕ್ಕೆ ಚೆಲ್ಲಿತು. ಹೊಗೆ ಸರಿದಾಗ ಮಾವ ನೆಲಕ್ಕೆ ಕೂತಿದ್ದರು. ಮುಖವೆಲ್ಲ ಕಪ್ಪು, ಮೀಸೆಯ ಒಂದು ಕಡೆ ಸುಟ್ಟುಹೋಗಿತ್ತು. "ಹಾರಿದ್ಲು ನೋಡ್ರಿ, ಹಾರಿದ್ಲು" ಎಂದು ನಗುತ್ತಿದ್ದರು. ಮಣ್ಣು ಕೊಡವಿಕೊಂಡ ಅಮೀನರಿಗೂ ನಗು ತಡೆಯಲಿಲ್ಲ. ನಗುತ್ತಲೇ ಬಂದೂಕು ಕಸಿದುಕೊಂಡು ಚೀಟಿ ಬರೆಸಿ ಓದಿ ಹೇಳಿದರು. "ಬತ್ತಿಯ ಬಂದೂಕು ಒಂದು, ಚಾಲೂ, ಜಮಾ."

ಮಾವ ಬರಿಗೈಯಲ್ಲಿ ಮನೆಗೆ ಬಂದರು. ಅಳುತ್ತಾರೇನೋ ಎಂದು ನಾನು ಹೆದರಿದ್ದೆ. ಅವರು ಚೀಟಿಯನ್ನು ದೇವರ ಮುಂದಿಟ್ಟು, "ಸರಕಾರನs ಬರದು ಕೊಟ್ಟೈತಿ, ಚಾಲೂ ಅಂತ. ಆ ಇಬ್ಬರ ಹಂತೇಕ ಐತೇನು ಇಂಥಾ ಕಾಗದ?" ಅಂದರು. ಮುಂದಿನ ಅಮಾವಾಸ್ಯೆಯಿಂದ ಜಮಖಾನದ ಮೇಲೆ ಭೀಮವ್ವನ ಜಾಗದಲ್ಲಿ ಚೀಟಿ ಕೂತಿತು. ಬಂದೂಕು ಉಳಿಸಿಕೊಂಡ ಇಬ್ಬರೂ ಅದನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದರು.

ಸರಕಾರ ಬದಲಾದ ಮೇಲೆ ಜಮಾ ಮಾಡಿದ್ದನ್ನು ಹಿಂದಕ್ಕೆ ಕೊಡುತ್ತಾರೆಂಬ ಸುದ್ದಿ ಬಂತು. ಮಾವ ನನ್ನ ಗಂಡನನ್ನು ಕರೆದುಕೊಂಡು ಕೊಪ್ಪಳಕ್ಕೆ ಹೋದರು. ಉಗ್ರಾಣದಲ್ಲಿ ಬಂದೂಕುಗಳ ರಾಶಿಯೇ ಇತ್ತಂತೆ, ಭೀಮವ್ವ ಮಾತ್ರ ಇರಲಿಲ್ಲ. ಹುಡುಕಿ ಸಾಕಾದ ಅಲ್ಲಿಯ ಗುಮಾಸ್ತ ಜೋಡು ನಳಿಗೆಯ ಹೊಸದೊಂದನ್ನು ಎತ್ತಿ, "ಇದನ್ನ ಒಯ್ಯಿರಿ ಅಜ್ಜಾರ, ಚೀಟಿ ಇಲ್ಲಿ ಕೊಡ್ರಿ" ಅಂದನಂತೆ. ಮಾವ ಜೋಡು ನಳಿಗೆಯನ್ನೂ ನೋಡಿದರು, ಚೀಟಿಯನ್ನೂ ನೋಡಿದರು. ಚೀಟಿ ಮಡಚಿ ಅಂಗಿಯ ಕಿಸೆಗೆ ಇಟ್ಟುಕೊಂಡು ವಾಪಸು ಬಂದರು. ಗಂಡ ತಲೆ ಚಚ್ಚಿಕೊಂಡರು. ನನಗೆ ಮಾತ್ರ ಮಾವನವರ ಮೇಲೆ ಅವತ್ತಿನಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

ಮರುವರ್ಷ ಜ್ವರ ಬಂದು ಮಲಗಿದವರು ಏಳಲಿಲ್ಲ. ಒಂದು ಮುಂಜಾನೆ ಗಂಜಿ ಕುಡಿಸಲು ಹೋದಾಗ ದಿಂಬಿನ ಕೆಳಗಿನಿಂದ ಚೀಟಿ ತೆಗೆದು, "ಓದವ್ವ" ಅಂದರು. ಅದು ಉರ್ದು. ನನಗೆ ಒಂದು ಅಕ್ಷರವೂ ಬರದು. ಆದರೆ ಅದರಲ್ಲಿದ್ದದ್ದು ನಮ್ಮ ಮನೆಯಲ್ಲಿ ಯಾರಿಗೆ ತಾನೆ ಬಾಯಿಗೆ ಬರುತ್ತಿರಲಿಲ್ಲ? ಕಾಗದದ ಮೇಲೆ ಬೆರಳಾಡಿಸುತ್ತ, "ಬತ್ತಿಯ ಬಂದೂಕು ಒಂದು, ಚಾಲೂ, ಜಮಾ" ಅಂದೆ.

"ಜಮಾ ಬ್ಯಾಡ. ಅಷ್ಟು ಬಿಟ್ಟು ಓದು" ಅಂದರು ಮಾವ.

ನಾನು ಅಷ್ಟು ಬಿಟ್ಟು ಓದಿದೆ.