ಸುಮ್ಮನಿದ್ದು ಬೇಡವೆನ್ನುವ ವಿದ್ಯೆ

ನೀರು ಸರಬರಾಜು ಇಲಾಖೆಯ ದೂರು ವಿಭಾಗದಲ್ಲಿ ಅರ್ಧ ಆಯುಸ್ಸು ಸವೆಸಿದ ಮೇಡಂ, ಐವತ್ತು ದಾಟಿದ ಮೇಲೆ ಕೆಲಸ ಬಿಟ್ಟು ಕಂಪ್ಯೂಟರ್ ಕಂಪನಿ ಸೇರುತ್ತೇನೆಂದಾಗ ಅವರ ಅಕ್ಕ ತಲೆ ಚಚ್ಚಿಕೊಂಡಳು.

"ನಿನ್ನ ಅನ್ನಕ್ಕೆ ನೀನೇ ಕಲ್ಲು ಹಾಕ್ಕೊಳ್ತಿದ್ದೀಯಲ್ಲೇ. ಸರ್ಕಾರಿ ಕುರ್ಚಿ ಬಿಟ್ಟು ಯಾರಾದ್ರೂ ಏಳ್ತಾರಾ?"

"ಅವರು ಜನಕ್ಕೆ ಒಳ್ಳೇದು ಮಾಡೋ ಕಂಪನಿಯಂತೆ ಅಕ್ಕ."

"ಇಷ್ಟು ವರ್ಷ ನೀನು ಮಾಡ್ತಿದ್ದಿದ್ದೇನು ಹಾಗಾದ್ರೆ?"

ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುತ್ತಿದ್ದೆ ಎಂದು ಹೇಳಿಕೊಳ್ಳಲು ಯಾರಿಗಾದರೂ ನಾಚಿಕೆಯೇ. ಇಲಾಖೆಯ ದೂರುಗಳನ್ನು ಫೋನಿನಲ್ಲಿ ಕೇಳಿಸಿಕೊಳ್ಳುವ ಯಂತ್ರ ತಯಾರಿಸುವ ಗುತ್ತಿಗೆ ಆ ಕಂಪನಿಗೆ ಸಿಕ್ಕಿತ್ತು. ಅದರ ಒಡೆಯ ತಿಂಗಳುಗಟ್ಟಲೆ ಮೇಡಂ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ಅವರು ಜನರೊಡನೆ ಮಾತಾಡುವುದನ್ನು ನೋಡಿದ್ದ. ಕೊನೆಗೆ, "ನೀವು ನಮ್ಮಲ್ಲಿಗೆ ಬನ್ನಿ. ನಮ್ಮ ಹುಡುಗರಿಗೆ ಯಂತ್ರ ಗೊತ್ತು, ಜನ ಗೊತ್ತಿಲ್ಲ" ಎಂದ. ಇಲಾಖೆಯಲ್ಲಿ ಯಾರೂ ಅವರಿಗೆ ‘ಬನ್ನಿ’ ಎಂದಿರಲಿಲ್ಲ. ‘ಬರಹೇಳಿ’ ಎಂದಿದ್ದರು, ಅಷ್ಟೆ. ಮೇಡಂ ಹೊರಟುಬಿಟ್ಟರು.

ಹೋದ ದಿನವೇ ತಲೆಬುಡ ತಿಳಿಯದಾಯಿತು. ಅಲ್ಲಿ ಒಡೆಯನಿಗೂ ಕೋಣೆ ಇರಲಿಲ್ಲ, ಬಾಗಿಲಂತೂ ಇಲ್ಲವೇ ಇಲ್ಲ. ಬಾಗಿಲಿಲ್ಲದ ಕಡೆ ಒಳಗೆ ಬರಲೇ ಎಂದು ಎಲ್ಲಿ ನಿಂತು ಕೇಳುವುದು? ಎಲ್ಲರೂ ಎಲ್ಲರನ್ನೂ ಬರೀ ಹೆಸರು ಹಿಡಿದು ಕರೆಯುತ್ತಿದ್ದರು. ಮೇಡಂ ಮಾತ್ರ ತಮ್ಮ ಹೆಸರಿಗೆ ಓಗೊಡಲೇ ಇಲ್ಲ. ಅದು ತಮ್ಮನ್ನೇ ಎಂದು ಹೊಳೆದರೆ ತಾನೆ. ಸೋತ ಹುಡುಗರು ‘ಮೇಡಂ’ಗೇ ಇಳಿದರು. ಒಡೆಯನನ್ನು ಮೇಡಂ ಮನಸ್ಸಿನಲ್ಲೇ ಸಾಹೇಬರು ಮಾಡಿಕೊಂಡರು. ಸಾಹೇಬರು ಚಡ್ಡಿ ಹಾಕಿಕೊಂಡು ಆಫೀಸಿಗೆ ಬರುತ್ತಿದ್ದರು. ಗೋಡೆಯ ಮೇಲೆ ಅಂಗೈಯಗಲದ ಅಕ್ಷರಗಳಲ್ಲಿ ‘ಜನ ಮೊದಲು’ ಎಂದೂ, ಅದರ ಕೆಳಗೆ ‘ತಪ್ಪು ಕಂಡರೆ ಯಾರು ಬೇಕಾದರೂ ತಡೆಯಬಹುದು’ ಎಂದೂ ಬರೆದಿತ್ತು. ಇಲಾಖೆಯ ಗೋಡೆಯ ಮೇಲೂ ಇಂಥವು ಬೇಕಾದಷ್ಟು ಇದ್ದವು, ಹಾಗಾಗಿ ಮೇಡಂ ಅದನ್ನು ಓದಿ ಮರೆತರು.

ಅವರು ಎಡವಿದ್ದು ಒಂದು ಸೋಮವಾರದ ಸಭೆಯಲ್ಲಿ. ಒಂದೇ ನಂಬರಿನಿಂದ ಒಂದು ತಿಂಗಳೊಳಗೆ ಬರುವ ಕರೆಗಳನ್ನೆಲ್ಲ ಯಂತ್ರ ಒಂದೇ ದೂರೆಂದು ಸೇರಿಸಿಬಿಡಲಿ ಎಂದು ಒಬ್ಬ ಎಂಜಿನಿಯರ್ ಸೂಚಿಸಿದ. ಸಿಟ್ಟಿಗೆದ್ದವರು ಹತ್ತು ಹತ್ತು ಸಲ ಫೋನು ಮಾಡುತ್ತಾರೆ, ಪಾಪ ಉಳಿದವರು ಕಾಯಬೇಕಾಗುತ್ತದೆ ಎಂಬುದು ಅವನ ವಾದ. ತಪ್ಪೇನಲ್ಲ. ಆದರೆ ಅಕ್ಕನ ಬೀದಿಯಲ್ಲೊಬ್ಬ ದರ್ಜಿ ಇದ್ದಾನೆ, ದಿನವಿಡೀ ಮಷಿನ್ನಿನ ಮುಂದೆ ಕೂತಿರುವವನು. ಇಲಾಖೆಯ ಫೋನು ಹಿಡಿದು ಕಾಯುವ ತಾಳ್ಮೆ ಬೇರೆ ಯಾರಿಗೂ ಇಲ್ಲದ್ದರಿಂದ, ಇಡೀ ಬೀದಿಯ ದೂರನ್ನು ಅವನೇ ತನ್ನ ಫೋನಿನಿಂದ, ಒಂದೊಂದು ಮನೆಗೂ ಒಂದೊಂದು ಕರೆಯಂತೆ, ಹೊಲಿಯುತ್ತಲೇ ಹೇಳಿ ಮುಗಿಸುತ್ತಾನೆ. ಅಂಥವನೊಬ್ಬ ಬಹಳ ಬೀದಿಗಳಲ್ಲಿ ಇದ್ದಾನೆಂದು ಮೇಡಂಗೆ ಗೊತ್ತಿತ್ತು.

ಅವರು ಪೆನ್ನಿನ ಮುಚ್ಚಳ ಹಾಕಿ, ಪೆನ್ನನ್ನು ಮೇಜಿನ ಮೇಲೆ ಅಡ್ಡಲಾಗಿ ಇಟ್ಟು, ಕಿಟಕಿಯ ಕಡೆ ತಿರುಗಿದರು.

ಇಲಾಖೆಯಲ್ಲಿ ಇದಕ್ಕಿಂತ ದೊಡ್ಡ ‘ಬೇಡ’ ಇರಲಿಲ್ಲ. ಮೇಲಿನವರಿಗೆ ಬಾಯಿಬಿಟ್ಟು ಬೇಡ ಎನ್ನುವವರು ಅಲ್ಲಿ ಉಳಿಯುವುದಿಲ್ಲ; ಪೆನ್ನು ಮುಚ್ಚಿ ಕಿಟಕಿ ನೋಡಿದರೆ ಸಾಕು, ಮುಖ್ಯ ಎಂಜಿನಿಯರೇ ಕೆಮ್ಮಿ, ‘ಇದನ್ನ ಇನ್ನೊಮ್ಮೆ ನೋಡೋಣ’ ಎಂದು ಫೈಲು ಮಡಚುತ್ತಿದ್ದರು. ಈ ವಿದ್ಯೆಯಲ್ಲಿ ಮೇಡಂ ಪಳಗಿದ ಕೈ.

"ಎಲ್ಲರಿಗೂ ಓಕೆನಾ? ಮೇಡಂ?" ಎಂದರು ಸಾಹೇಬರು.

ಮೇಡಂ ಕಿಟಕಿಯನ್ನು ಇನ್ನಷ್ಟು ಬಿಗಿಯಾಗಿ ನೋಡಿದರು. ಸಾಹೇಬರೂ ಅತ್ತ ನೋಡಿದರು.

"ಹೌದು, ಮಳೆ ಬರೋ ಹಾಗಿದೆ" ಎಂದರು. "ಸರಿ, ಹಾಗಾದ್ರೆ ಮುಂದಿನದು."

ವಿಷಯ ಬಿದ್ದುಹೋಯಿತೆಂದೇ ಮೇಡಂ ನೆಮ್ಮದಿಯಿಂದ ಮನೆಗೆ ಹೋದರು. ಮೌನಂ ಸಮ್ಮತಿ ಲಕ್ಷಣ ಎಂದು ಹೇಳಿದವನು ಇಲಾಖೆಯಲ್ಲಿ ಕೆಲಸ ಮಾಡಿದವನಲ್ಲ.

ಮುಂದಿನ ತಿಂಗಳು ಅಕ್ಕ ಬಟ್ಟೆಗಂಟು ಹೊತ್ತು, ಸ್ನಾನಕ್ಕೆಂದು ಮನೆಗೆ ಬಂದಳು.

"ಬೀದೀಲಿ ನೀರು ಬಂದು ಎಷ್ಟು ದಿನ ಆಯ್ತೋ. ಆ ತುದಿಮನೆಯೋರ ನಲ್ಲಿ ಸೋರ್ತಿದೆ ಅಂತ ದರ್ಜಿ ಮೊದಲು ಹೇಳಿದ್ದ, ಅದನ್ನ ಸರಿ ಮಾಡಿ ಹೋದ್ರು. ಆಮೇಲೆ ದರ್ಜಿ ಯಾರ ಮನೆಗೆ ಅಂತ ಫೋನ್ ಮಾಡಿದ್ರೂ, ‘ನಿಮ್ಮ ದೂರು ಬಗೆಹರಿದಿದೆ, ವಂದನೆಗಳು’ ಅನ್ನುತ್ತೆ ನಿಮ್ಮ ಯಂತ್ರ. ಏನು ಜೇನಿನಂಥ ದನಿ ಅಂತೀಯಾ. ನೀನು ಅಲ್ಲೇ ಇದ್ದೀಯಲ್ಲ, ಬೇಡ ಅನ್ನಬಾರದಿತ್ತಾ?"

"ಅಂದೆ."

"ಏನಂತ ಅಂದೆ?"

"ಸುಮ್ಮನಿದ್ದೆ."

ಅಕ್ಕ ತಂಗಿಯ ಮುಖವನ್ನೇ ನೋಡಿದಳು. ಹೇಳುತ್ತಿರುವಾಗಲೇ ಮೇಡಂಗೂ ಅದು ಬುದ್ಧಿಯಿರುವವರ ಮಾತಾಗಿ ಕೇಳಿಸಲಿಲ್ಲ.

ಮರುದಿನ ಅವರು ಸಾಹೇಬರ ಮೇಜಿನೆದುರು ಹೋಗಿ ನಿಂತರು. "ಆ ಕರೆ ಸೇರಿಸೋ ತೀರ್ಮಾನ ತಪ್ಪು ಸರ್" ಎಂದು ಶುರುಮಾಡಿ ದರ್ಜಿಯ ಕತೆಯನ್ನೆಲ್ಲ ಹೇಳಿದರು. ಬೈಗುಳಕ್ಕೋ ಕಾರಣ ಕೇಳುವ ನೋಟಿಸಿಗೋ ಕಾದರು. ಸಾಹೇಬರು ಆ ಎಂಜಿನಿಯರನ್ನು ಕರೆದು, ಅಲ್ಲೇ ಆ ನಿಯಮ ತೆಗೆಸಿದರು. ಮುಚ್ಚಿಹೋದ ದೂರುಗಳನ್ನೆಲ್ಲ ಮತ್ತೆ ತೆರೆಯಲು ಹೇಳಿದರು. ಚಹಾ ಆರುವಷ್ಟರಲ್ಲಿ ಮುಗಿದುಹೋಯಿತು.

"ಇದು ನಿಮಗೆ ಮೊದಲೇ ಗೊತ್ತಿತ್ತಾ?"

"ಅವತ್ತೇ ಗೊತ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

ದನಿಯಲ್ಲಿ ಗದರಿಕೆ ಇರಲಿಲ್ಲ. ಅದೇ ಮೇಡಂ ಅವರನ್ನು ಕಕ್ಕಾಬಿಕ್ಕಿ ಮಾಡಿತು. ಇಲಾಖೆಯಲ್ಲಿ ಆ ಪ್ರಶ್ನೆ ಕೇಳಿದರೆ ಅದು ಶಿಕ್ಷೆಯ ಪೀಠಿಕೆ, ಉತ್ತರ ಯಾರಿಗೂ ಬೇಕಿರುವುದಿಲ್ಲ. ಈ ಮನುಷ್ಯನಿಗೆ ಉತ್ತರ ಬೇಕಿತ್ತು. ಮೇಡಂ ತಮ್ಮೊಳಗೆ ಹುಡುಕಿದರು. ಹೆದರಿಕೆಯೇ? ಹೆದರಬೇಕಾದವರು ಇಲ್ಲಿ ಯಾರಿದ್ದರು? ಮರ್ಯಾದೆಯೇ? ಚಡ್ಡಿ ಹಾಕಿಕೊಂಡವನಿಗೆಂಥ ಮರ್ಯಾದೆ? ಒಂದು ಮಾತು ಹೇಳುವುದು ಇಷ್ಟು ಸುಲಭವಾಗಿದ್ದರೆ, ಇಲಾಖೆಯಲ್ಲಿ ಅಷ್ಟು ವರ್ಷ ತಾವು ಕಾಪಾಡಿಕೊಂಡು ಬಂದದ್ದಾದರೂ ಏನು? ಅವರಿಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟು ಎಂಬುದು ಗೊತ್ತಾಗಲಿಲ್ಲ.

"ಗೊತ್ತಿಲ್ಲ ಸರ್" ಎಂದರು. ಇಲಾಖೆಗೆ ಸೇರಿದ ದಿನದಿಂದ ಮೇಲಿನವರೆದುರು ಅವರು ಆ ಮಾತು ಆಡಿದ್ದು ಅದೇ ಮೊದಲು.

ಸಂಜೆ ಅಕ್ಕನ ಫೋನು ಬಂತು. ಹಿಂದೆ ಬಕೆಟ್ಟು ತುಂಬುವ ಸದ್ದು ಕೇಳಿಸುತ್ತಿತ್ತು.

"ನೀರು ಬಂತು ಕಣೇ. ಬೀದಿಯೋರೆಲ್ಲ ನಿನ್ನನ್ನೇ ಹೊಗಳ್ತಿದ್ದಾರೆ, ಇವಳ ತಂಗಿ ಅಲ್ಲಿರೋದಕ್ಕೆ ಬಂತು ಅಂತ."

ಮೇಡಂಗೆ ಆ ಹೊಗಳಿಕೆ ಕಪಾಳಕ್ಕೆ ಹೊಡೆದ ಹಾಗಾಯಿತು.

"ನಿಮ್ಮ ಬೀದೀಲಿ ನೀನಿದ್ದೆ ಅಕ್ಕ," ಎಂದರು. "ಮಿಕ್ಕ ಬೀದಿಗಳೋರು ಇಷ್ಟು ದಿನ ಯಾರ ತಂಗಿಗೆ ಹೇಳ್ಕೊಂಡ್ರೋ."