ಜಾಮೀನು ನಿಂತ ನಾಯ್ಕರು
ಸಿದ್ದಾಪುರದ ಕನ್ನಪ್ಪ ನಾಯ್ಕರು ಮದುವೆ ಊಟಕ್ಕೆ ಹೊರಟರೂ ಬಗಲಲ್ಲಿ ಕೋರ್ಟಿನ ಆದೇಶದ ನಕಲು ಇರುತ್ತದೆ. ಜಾಮೀನು ನಿಂತ ಸಾಲ ಕೋರ್ಟಿಗೆ ಹೋಗಿ, ಕೊನೆಗೆ ಇವರೇ ಕಟ್ಟಿ, ಕೇಸು ಮುಗಿದರೂ ಕ್ರೆಡಿಟ್ ರಿಪೋರ್ಟಿನಲ್ಲಿ ಇವರಿನ್ನೂ ಬಾಕಿದಾರರು. ಬ್ಯಾಂಕಿನವರು ಆ ರಿಪೋರ್ಟು ಮಾಡುವ ಕಂಪನಿಯನ್ನು ಕೇಳಿ ಎನ್ನುತ್ತಾರೆ. ಕಂಪನಿಯ ಫೋನು ಬ್ಯಾಂಕನ್ನು ಕೇಳಿ ಎನ್ನುತ್ತದೆ. ಫೋನಿನೊಳಗಿನ ಆ ರೆಕಾರ್ಡ್ ಮಾಡಿದ ದನಿಗೂ ನಾಯ್ಕರು, "ತಂಗೀ, ಒಂಚೂರು ಕೇಳು" ಎಂದು ಕಥೆಯನ್ನು ಮೊದಲಿಂದ ಹೇಳುತ್ತಾರೆ. "ಜಡ್ಜ್ ಸಾಹೇಬ್ರೇ ಮುಗೀತು ಅಂದ್ರಲ, ಇನ್ನು ಯಾರು ಹೇಳ್ಬೇಕು ಮಾರಾಯ್ರೇ?" ಎಂದು ಚಹಾದಂಗಡಿಯಲ್ಲಿ ಕಂಡವರನ್ನೆಲ್ಲ ಕೇಳುತ್ತಾರೆ. ಅವರ ಕಥೆಯಲ್ಲಿ ವಕೀಲರು, ತಾರೀಖು ಎಲ್ಲ ಅದಲುಬದಲು. ತಲೆ ಕೆಟ್ಟು ನಾನೊಮ್ಮೆ, "ಸಾಲ ತಗಂಡವ ಯಾರು, ಅದನ್ನಾದ್ರೂ ಹೇಳಿ" ಎಂದೆ. ನಾಯ್ಕರು, ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದ ಗೆಳೆಯ ಬೀರನತ್ತ ಚಹಾದ ಲೋಟ ಸರಿಸಿ, "ಅದೊಂದು ನೆನಪೇ ಇಲ್ಲ" ಎಂದರು.